ಬಂದು ಹೋಗುವವರ ಅನ್ನ

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೊರಟ ಬಸ್ಸು ಜಹೀರಾಬಾದ್ ದಾಟಿ ಕರ್ನಾಟಕದ ಗಡಿಯೊಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಮನ್ನಾಏಖೇಳ್ಳಿ ಬರುತ್ತದೆ. ಮೊದಲು ಹುಮನಾಬಾದ್ ತಾಲೂಕಿನಲ್ಲಿದ್ದ ಈ ಊರು ಈಗ ಚಿಟಗುಪ್ಪ ತಾಲೂಕಿಗೆ ಸೇರಿದೆ. ಬೀದರಿಗೆ ಹೋಗುವವರು ಹೆದ್ದಾರಿ ಬಿಟ್ಟು ತಿರುಗುವುದು ಇಲ್ಲಿಯೇ. ಪ್ರವಾಸಿಗರಿಗೆಂದು ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ ಈ ಊರಿನ ಹೆಸರು ಹುಡುಕುವುದು ವ್ಯರ್ಥ. ಆದರೆ ಊರಿನ ಅನ್ನದ ಒಂದು ಪಾಲು ಬರುವುದು ಬಂದು ಹೋಗುವವರಿಂದ. ಚಹಾದ ಅಂಗಡಿ, ಖಾನಾವಳಿ, ಪಂಕ್ಚರ್ ಹಚ್ಚುವವನು, ಹಣ್ಣಿನ ಗಾಡಿಯವನು, ಟಂಟಂ ಆಟೋದವನು ಎಲ್ಲರೂ ದಾರಿಯನ್ನು ನಂಬಿದವರು. ಇದೇ ಹೆದ್ದಾರಿಯಲ್ಲಿ ಇನ್ನೂ ಮುಂದಕ್ಕೆ, ಬಸವಕಲ್ಯಾಣಕ್ಕೆ ತಿರುಗುವ ಜಾಗದ ಹೆಸರು ಸಸ್ತಾಪುರ ಬಂಗ್ಲಾ. ಹೆಸರಿನಲ್ಲೇ ಒಂದು ಬಂಗ್ಲೆ ಕುಳಿತಿದೆ. ಆ ಕಲ್ಯಾಣದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಕೆಲಸ ದೊಡ್ಡ ಉದ್ಯೋಗವಾಗಿ ಬೆಳೆದಿರುವುದೂ ಈ ದಾರಿಯ ಕೃಪೆಯೇ.

ನಮ್ಮ ಸರ್ಕಾರಗಳು ಪ್ರವಾಸೋದ್ಯಮ ಎಂಬ ಶಬ್ದವನ್ನು ಬಳಸಲು ಶುರು ಮಾಡಿ ಬಹಳ ವರ್ಷಗಳೇನೂ ಆಗಿಲ್ಲ. ಆದರೆ ಊರಿಗೆ ಬಂದವನು ಬಿಟ್ಟು ಹೋಗುವ ಕಾಸಿನಿಂದ ಊರು ಬದುಕುವುದು ಹಳೆಯ ಸಂಗತಿ. ಉರ್ದುವಿನಲ್ಲಿ ಅವನನ್ನು ಮುಸಾಫಿರ್ ಎನ್ನುತ್ತೇವೆ. ಕುರ್‌ಆನಿನಲ್ಲಿ ಅವನಿಗೆ ಇನ್ನೂ ಚೆಂದದ ಹೆಸರಿದೆ, ಇಬ್ನುಸ್ಸಬೀಲ್, ಅಂದರೆ ದಾರಿಯ ಮಗ. ಝಕಾತ್ ಪಡೆಯಲು ಅರ್ಹರಾದ ಎಂಟು ಬಗೆಯ ಜನರಲ್ಲಿ ಅವನೂ ಒಬ್ಬ. ಊರಲ್ಲಿ ಎಷ್ಟೇ ಆಸ್ತಿಯಿದ್ದರೂ ದಾರಿಯಲ್ಲಿ ಕೈ ಬರಿದಾದವನು ದಾರಿಯ ಮಗನೇ. ಇಸ್ಲಾಮಿಗೆ ಮೊದಲು ಅರಬರಿಗೆ ಹಜ್ಜಿನ ದಿನಗಳೆಂದರೆ ಉಕಾಝ್, ಮಜನ್ನ, ದುಲ್‌ಮಜಾಝ್ ಸಂತೆಗಳ ದಿನಗಳೂ ಆಗಿದ್ದವು. ಮುಸಲ್ಮಾನರಾದ ಮೇಲೆ ಕೆಲವರಿಗೆ ಅನುಮಾನ ಬಂತು. ಇಬಾದತ್ತಿಗೆ ಹೋದವರು ವ್ಯಾಪಾರ ಮಾಡಬಹುದೇ? ಅಲ್‌ಬಕರ ಅಧ್ಯಾಯದ 198ನೆಯ ವಚನ ಆ ಅನುಮಾನವನ್ನು ಪರಿಹರಿಸಿತು. ನಿಮ್ಮ ಪ್ರಭುವಿನ ಅನುಗ್ರಹವನ್ನು ಅರಸುವುದರಲ್ಲಿ ತಪ್ಪಿಲ್ಲ ಎಂಬುದು ಅದರ ತಾತ್ಪರ್ಯ. ದೇವರ ಹೆಸರಿನಲ್ಲಿ ಸೇರಿದ ಜನರ ನಡುವೆ ತಕ್ಕಡಿ ಹಿಡಿದು ಕೂರುವುದಕ್ಕೆ ಇದಕ್ಕಿಂತ ದೊಡ್ಡ ಪರವಾನಗಿ ಬೇಕಿಲ್ಲ.

ಬೀದರ್ ಜಿಲ್ಲೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ರಾಜರಿಂದ ಶುರು ಮಾಡುತ್ತಾರೆ. ಬಂದವರಿಂದ ಶುರು ಮಾಡಿದರೆ ಅದೇ ಇತಿಹಾಸ ಬೇರೆಯಾಗಿ ಕಾಣುತ್ತದೆ. 12ನೆಯ ಶತಮಾನದ ಕಲ್ಯಾಣವನ್ನೇ ನೋಡಿ. ಬಾಗೇವಾಡಿಯ ಬಸವಣ್ಣ, ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಎಲ್ಲರೂ ಹೊರಗಿನಿಂದ ಬಂದವರು. ಮರುಳಶಂಕರದೇವ ಅಫ್ಘಾನಿಸ್ತಾನದ ಕಡೆಯಿಂದ ಬಂದ, ಮೋಳಿಗೆ ಮಾರಯ್ಯ ಕಾಶ್ಮೀರದ ಅರಸನಾಗಿದ್ದ ಎಂಬ ಪ್ರತೀತಿಯಿದೆ. ಆ ಅರಸ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಹೊಟ್ಟೆ ಹೊರೆದನಂತೆ. ಹುಮನಾಬಾದ್ ಬಳಿಯ ಮೋಳಕೇರಾ ಊರಿನ ಹೆಸರಿನಲ್ಲಿ ಅವನ ನೆನಪಿದೆ ಎಂದು ಆ ಕಡೆಯ ಜನ ಹೇಳುತ್ತಾರೆ. ಪ್ರತೀತಿ ನಿಜವೋ ಸುಳ್ಳೋ ಇರಲಿ. ಕಾಶ್ಮೀರದಿಂದ ಒಬ್ಬ ಬಂದರೆ ಅವನಿಗೆ ಕಟ್ಟಿಗೆ ಮಾರಲು ಬೀದಿಯಲ್ಲಿ ಜಾಗ ಸಿಗುತ್ತಿತ್ತು ಎಂದು ಜನ ನಂಬಿದ್ದರಲ್ಲ, ನನಗೆ ಮುಖ್ಯವಾಗಿ ಕಾಣುವುದು ಅದು.

ಬಹಮನಿ ಸುಲ್ತಾನ ಅಹಮದ್ ಶಾಹ್ 1420ರ ದಶಕದಲ್ಲಿ ರಾಜಧಾನಿಯನ್ನು ಗುಲಬರ್ಗಾದಿಂದ ಬೀದರಿಗೆ ತಂದ ಮೇಲೆ ಇರಾನ್, ಇರಾಕ್, ಮಧ್ಯ ಏಷ್ಯಾದಿಂದ ಬಂದವರ ಸಂಖ್ಯೆ ಬಹಳವಾಯಿತು. ಅವರನ್ನು ಆಫಾಕಿಗಳೆಂದೂ ಇಲ್ಲಿಯವರನ್ನು ದಖನಿಗಳೆಂದೂ ಕರೆದು ಆಮೇಲೆ ಬಡಿದಾಡಿಕೊಂಡದ್ದು ಬೇರೆ ಕತೆ. 1453ರಲ್ಲಿ ಗೀಲಾನಿನ ವ್ಯಾಪಾರಿಯೊಬ್ಬ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ಸರಕು ಮಾರಬೇಕು, ಶಾಹ್ ಮುಹಿಬ್ಬುಲ್ಲಾ ಎಂಬ ಸೂಫಿಯನ್ನು ಕಾಣಬೇಕು, ಆಮೇಲೆ ದಿಲ್ಲಿಗೆ ಹೋಗಬೇಕು ಎಂಬುದು ಅವನ ಲೆಕ್ಕಾಚಾರ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ವ್ಯಾಪಾರ ಮತ್ತು ಯಾತ್ರೆ ಎರಡನ್ನೂ ಸೇರಿಸಿದ ಪ್ರವಾಸ. ಅವನು ದಿಲ್ಲಿಗೆ ಹೋಗಲೇ ಇಲ್ಲ. ಅವನೇ ಖ್ವಾಜಾ ಮಹಮೂದ್ ಗವಾನ್. ವಜೀರನಾದ, 1472ರಲ್ಲಿ ಮದರಸಾ ಕಟ್ಟಿಸಿದ, 1481ರಲ್ಲಿ, ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನನ ಆಜ್ಞೆಯಿಂದ ತಲೆ ಕಳೆದುಕೊಂಡ. ಬೀದರಿನಲ್ಲಿ ಇಂದು ಟಿಕೆಟ್ಟಿಲ್ಲದೆ ಎಲ್ಲರೂ ಮೊದಲು ನೋಡುವುದು ಆ ಮದರಸಾದ ಉಳಿದಿರುವ ಮಿನಾರನ್ನು. ಬಿದ್ರಿ ಕಲೆಯನ್ನೂ ಇರಾನಿನಿಂದ ಬಂದವನೊಬ್ಬ ತಂದನೆಂದು ಹೇಳುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಹೂಬಳ್ಳಿ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿದ ಬಿಸಿ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಲೆ ತಂದವನು ಪರದೇಶಿ, ಬಣ್ಣ ಕೊಟ್ಟ ಮಣ್ಣು ಇಲ್ಲಿಯದು.

ಗವಾನ್ ವಜೀರನಾಗಿದ್ದಾಗಲೇ ಇನ್ನೊಬ್ಬ ಮುಸಾಫಿರ್ ಬಂದ. ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿಟಿನ್. ಚೌಲ್ ಬಂದರಿನಲ್ಲಿ ಇಳಿದು, ಜುನ್ನರಿನಲ್ಲಿ ಮಳೆಗಾಲ ಕಳೆದು ಬೀದರಿಗೆ ಬಂದವನು. ಅವನ ಬಂಡವಾಳ ಒಂದೇ ಒಂದು ಗಂಡು ಕುದುರೆ. ಅದನ್ನು ವರ್ಷಗಟ್ಟಲೆ ಮೇಯಿಸಿ, ಮೇವಿಗೇ ಸಾಕಷ್ಟು ಖರ್ಚಾದ ಮೇಲೆ ಬೀದರಿನಲ್ಲಿ ಮಾರಿದ. ತನ್ನ ದೇಶಕ್ಕೆ ಒಯ್ಯುವಂಥ ಸರಕು ಇಲ್ಲೇನೂ ಇಲ್ಲ, ಮೆಣಸು ಮತ್ತು ಬಣ್ಣ ಮಾತ್ರ ಅಗ್ಗ, ಹೇಳಿದವರೆಲ್ಲ ಸುಳ್ಳು ಹೇಳಿದರು ಎಂದು ಗೊಣಗಿದ್ದಾನೆ. ಪ್ರವಾಸಿಗರ ಗೊಣಗಾಟಕ್ಕೆ ಐನೂರೈವತ್ತು ವರ್ಷಗಳ ಪರಂಪರೆಯಿದೆಯೆಂದು ತಿಳಿದರೆ ಇಂದಿನ ಹೋಟೆಲಿನವರಿಗೆ ಸಮಾಧಾನವಾದೀತು. ಗೊಣಗುತ್ತಲೇ ಆತ ಕಂಡದ್ದನ್ನೆಲ್ಲ ಬರೆದಿಟ್ಟ. ಅಮೀರರ ವೈಭವ, ಹಳ್ಳಿಗರ ಬಡತನ ಎರಡೂ ಅವನ ಕಣ್ಣಿಗೆ ಬಿದ್ದವು. ಪರದೇಶಿ ವ್ಯಾಪಾರಿಗಳು ಇಳಿದುಕೊಳ್ಳುವ ಸರಾಯಿಗಳಲ್ಲಿ ಅಡುಗೆ ಮಾಡಿ ಹಾಸಿಗೆ ಹಾಸುವವರು ಹೆಂಗಸರು ಎಂದು ಬರೆದಿದ್ದಾನೆ. ಅವರ ಬಗ್ಗೆ ಅವನು ಮುಂದೆ ಬರೆದಿರುವುದನ್ನು ಇಲ್ಲಿ ಹೇಳಬೇಕಿಲ್ಲ. ಎಲ್ಲ ಕಾಲದ, ಎಲ್ಲ ದೇಶದ ಪ್ರವಾಸಿ ಗಂಡಸರು ಅಂಥದ್ದನ್ನು ಬರೆಯುತ್ತಾರೆ. ಆದರೆ ಬಂದು ಹೋಗುವವರಿಂದ ಬರುವ ದುಡಿಮೆಯಲ್ಲಿ ಹೆಂಗಸರ ಬೆವರು ಎಷ್ಟು ಎನ್ನುವುದಕ್ಕೆ ಅದು ಸಾಕ್ಷಿ. ಸುಲ್ತಾನರ ತವಾರೀಖುಗಳಲ್ಲಿ ಈ ಹೆಂಗಸರಿಗೆ ಒಂದು ಸಾಲೂ ಸಿಗುವುದಿಲ್ಲ.

ನಿಕಿಟಿನ್ ಬರೆದ ಎರಡು ಜಾತ್ರೆಗಳ ವಿವರ ನಮ್ಮ ವಿಷಯಕ್ಕೆ ತೀರ ಬೇಕಾದದ್ದು. ಒಂದು, ಬೀದರಿನ ಹಿಂದೂ ಪರಿಚಯಸ್ಥರ ಜೊತೆಗೆ ಆತ ಹೋದ ಪರ್ವತದ ಜಾತ್ರೆ. ಅದು ಶ್ರೀಶೈಲ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಗಂಡಸರು ಹೆಂಗಸರು ಮುಡಿ ಕೊಡುವುದನ್ನು ಕಂಡ. ಬಂದವರಿಂದ ತಲೆಗಿಷ್ಟು, ಕುದುರೆಗಿಷ್ಟು ಎಂದು ಸುಂಕ ಎತ್ತುತ್ತಿದ್ದುದನ್ನೂ ಕಂಡ. ಇನ್ನೊಂದು ಶೇಖ್ ಅಲಾವುದ್ದೀನರ ನೆನಪಿನಲ್ಲಿ ಅವರ ಊರಿನಲ್ಲಿ ನಡೆಯುತ್ತಿದ್ದ ಸಂತೆ. ಇದು ಇಂದಿನ ಆಳಂದ, ಶೇಖ್ ಅಂದರೆ ಲಾಡ್ಲೆ ಮಶಾಯಖ್ ಎಂದು ಪ್ರಸಿದ್ಧರಾದ ಹಜ್ರತ್ ಅಲಾವುದ್ದೀನ್ ಅನ್ಸಾರಿ. ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಆ ಸಂತೆಗೆ ಹಿಂದೂಸ್ತಾನದ ಎಲ್ಲ ಕಡೆಯಿಂದ ಜನ ಬರುತ್ತಾರೆ, ಮಾರಲು 20,000 ಕುದುರೆಗಳು ಬರುತ್ತವೆ, ಈ ದೇಶದಲ್ಲಿ ಇಂಥ ಸಂತೆ ಇನ್ನೊಂದಿಲ್ಲ ಎಂಬುದು ಅವನ ವರದಿಯ ಸಾರ. ಕುದುರೆಗಳ ಸಂಖ್ಯೆಯಲ್ಲಿ ಒಂದು ಸೊನ್ನೆ ಹೆಚ್ಚಾಗಿದ್ದರೂ ಇರಬಹುದು. ಎರಡು ಸಾವಿರವೆಂದೇ ಇಟ್ಟುಕೊಳ್ಳಿ. ಹತ್ತು ದಿನ ಅಷ್ಟು ಕುದುರೆಗೆ ಹುಲ್ಲು, ಹುರುಳಿ, ನೀರು ಬೇಕು. ಲಾಳ ಕಟ್ಟುವವರು, ಜೀನು ಹೊಲಿಯುವವರು, ಹಗ್ಗ ಹೊಸೆಯುವವರು, ಕುದುರೆಯ ಜೊತೆ ಬಂದ ಮಂದಿಗೆ ರೊಟ್ಟಿ ತಟ್ಟುವವರು ಬೇಕು. ಅಂದರೆ ಸುತ್ತಲ ಹಳ್ಳಿಗಳಿಗೆಲ್ಲ ಹತ್ತು ದಿನದಲ್ಲಿ ಆರು ತಿಂಗಳ ಆದಾಯ. ಅಲಾವುದ್ದೀನ್ ಅನ್ಸಾರಿಯವರ ಮಜಾರಿನ ಹೆಸರು ಹೇಳಿಕೊಂಡು ಆ ಕಾಲದಲ್ಲಿ ಅನ್ನ ತಿಂದವರ ಜಾತಿಪಟ್ಟಿ ಬರೆಯಲು ಹೊರಟರೆ ಒಂದು ಜಾತಿಯೂ ಬಿಟ್ಟು ಹೋಗಲಾರದು.

ಜಾತ್ರೆ ಮತ್ತು ಉರುಸಿನ ಆರ್ಥಿಕತೆಯ ಬಗ್ಗೆ ನಮ್ಮಲ್ಲಿ ಬರೆದವರು ಕಡಿಮೆ. ಭಕ್ತಿಯ ವಿಷಯದಲ್ಲಿ ಕಾಸಿನ ಮಾತೇಕೆ ಎಂಬ ಸಂಕೋಚ ಇರಬೇಕು. ಬೀದರ್ ಪಕ್ಕದ ಅಷ್ಟೂರಿನಲ್ಲಿ ಸುಲ್ತಾನ ಅಹಮದ್ ಶಾಹ್‌ನ ಗೋರಿಯಿದೆ. ಮುಸಲ್ಮಾನರು ಅವನನ್ನು ವಲಿ ಎನ್ನುತ್ತಾರೆ, ಹಿಂದೂಗಳು ಅಲ್ಲಮಪ್ರಭು ಎನ್ನುತ್ತಾರೆ. ಅಲ್ಲಿಯ ಉರುಸಿಗೆ ಆಳಂದ ತಾಲೂಕಿನ ಮಾಡಿಯಾಳದಿಂದ ಲಿಂಗಾಯತ ಜಂಗಮರು ತಮ್ಮ ಪರಿವಾರದೊಡನೆ ಬಂದ ಮೇಲೆಯೇ ಜಾತ್ರೆ ಕಳೆಗಟ್ಟುವುದು. ವಿಶೇಷವೆಂದರೆ ಈ ಉರುಸು ಹಿಜರಿ ಪಂಚಾಂಗದಂತೆ ನಡೆಯುವುದಿಲ್ಲ. ಹೋಳಿ ಹುಣ್ಣಿಮೆಯಿಂದ ದಿನ ಎಣಿಸಿ ನಡೆಯುತ್ತದೆ. ಇದನ್ನು ಭಾವೈಕ್ಯದ ಸಂಕೇತವೆಂದು ಭಾಷಣಗಳಲ್ಲಿ ಹೊಗಳುತ್ತಾರೆ, ಹೊಗಳಲಿ. ನನಗೆ ಅದರಲ್ಲಿ ರೈತನ ಲೆಕ್ಕವೂ ಕಾಣುತ್ತದೆ. ಹೋಳಿಯ ಹೊತ್ತಿಗೆ ಹಿಂಗಾರಿ ಜೋಳ, ಕಡಲೆ, ಕುಸುಬೆ ಮನೆ ಸೇರಿರುತ್ತವೆ. ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಹೊಲದಲ್ಲಿ ಕೆಲಸ ಇರುವುದಿಲ್ಲ. ಹಿಜರಿಯಂತೆ ತಿರುಗುವ ಉರುಸುಗಳು ಕೆಲವು ವರ್ಷ ಬಿತ್ತನೆಯ ಮಳೆಗಾಲಕ್ಕೆ ಬೀಳುತ್ತವೆ. ಅಂಥ ವರ್ಷ ಅಂಗಡಿ ಹಾಕಿದವನ ಮುಖ ಬಾಡಿರುತ್ತದೆ.

ಹುಮನಾಬಾದಿನ ಕತೆಯೂ ಇದೇ. ಅಲ್ಲಿಯ ವೀರಭದ್ರೇಶ್ವರನ ಜಾತ್ರೆ ಜನವರಿಯಲ್ಲಿ. ಊರಿಗೆ ಅಂಟಿಕೊಂಡಿರುವ ಮಾಣಿಕನಗರದಲ್ಲಿ ದತ್ತ ಜಯಂತಿಯ ಉತ್ಸವ ಡಿಸೆಂಬರಿನ ಆಸುಪಾಸಿನಲ್ಲಿ. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿ ಹೊಂದಿದ ಮಾಣಿಕಪ್ರಭುಗಳು ಸಕಲಮತ ಎಂಬ ಹೆಸರಿನ ಸಂಪ್ರದಾಯವನ್ನೇ ಕಟ್ಟಿದವರು. ಅವರ ದರ್ಬಾರಿಗೆ ಹೈದರಾಬಾದ್ ಸಂಸ್ಥಾನದ ಮುಸಲ್ಮಾನರೂ ಬರುತ್ತಿದ್ದರು. ಅವರಲ್ಲಿ ಕೆಲವರು ಪ್ರಭುಗಳಲ್ಲಿ ಮೆಹಬೂಬ್ ಸುಭಾನಿಯನ್ನು ಕಾಣುತ್ತಿದ್ದರು. ಹಿಂದೂಸ್ತಾನಿ ಗವಾಯಿಗಳು ಅಲ್ಲಿ ಹಾಡಿ ಹೋಗುವುದು ಹಳೆಯ ಪದ್ಧತಿ. ಈ ಜಾತ್ರೆಗಳಿಗೆ ಬರುವ ಬಳೆಗಾರ, ಅತ್ತರಿನವನು, ಕಲಾಯಿ ಹಾಕುವವನು, ಗಾದಿ ತುಂಬುವ ಪಿಂಜಾರ, ಮಿಠಾಯಿಯವನು, ಕುಂಕುಮ ವಿಭೂತಿ ಮಾರುವವನು, ಪೀಪಿ ಪುಗ್ಗೆಯವನು, ಕಬ್ಬಿಣದ ಸೌಟು ಸವಳದವನು, ಹಿಂದೆ ಟೂರಿಂಗ್ ಟಾಕೀಸಿನವನು, ಈಗ ತೊಟ್ಟಿಲು ತಿರುಗಿಸುವವನು ಇವರೆಲ್ಲ ಒಂದು ಜಾತ್ರೆಯಿಂದ ಇನ್ನೊಂದಕ್ಕೆ ಹೋಗುವ ಸಂಚಾರಿಗಳು. ಹುಮನಾಬಾದಿನಲ್ಲಿ ಕಿತ್ತ ಡೇರೆಯನ್ನು ಬೇರೊಂದು ಉರುಸಿನಲ್ಲಿ ಹೂಡುತ್ತಾರೆ. ಅವರ ಪಂಚಾಂಗದಲ್ಲಿ ಉರುಸೂ ತೇರೂ ಒಂದರ ಕೆಳಗೊಂದು ಬರೆದಿರುತ್ತವೆ. ಸಾಲ ಕೊಟ್ಟ ಸಾಹುಕಾರ ಯಾವ ತೇರಿಗೆ ಬಡ್ಡಿ, ಯಾವ ಸಂದಲ್ಲಿಗೆ ಅಸಲು ಎಂದು ಅವಧಿ ಹಾಕಿರುತ್ತಾನೆ. ಇವರಲ್ಲಿ ಹೆಚ್ಚಿನವರಿಗೆ ಹೊಲವಿಲ್ಲ. ಜಾತ್ರೆಯೇ ಅವರ ಹೊಲ.

ಇದರ ಮಹತ್ವ ತಿಳಿಯಬೇಕಾದರೆ ಸ್ವಲ್ಪ ದೂರ ಹೋಗಬೇಕು. ಹೊಲವೇ ಇಲ್ಲದ ಒಂದು ದೇಶ, ಬಂದು ಹೋಗುವವರನ್ನೇ ನಂಬಿ ಬದುಕುತ್ತಿರುವ ದೇಶ, ಅರಬ್ಬಿ ಸಮುದ್ರದ ಆಚೆ ನಮಗೆ ಹತ್ತಿರದಲ್ಲೇ ಇದೆ. ಮಾಲ್ದೀವ್ಸ್. ಸುಮಾರು 1,190 ಪುಟ್ಟ ದ್ವೀಪಗಳು, ಅವುಗಳಲ್ಲಿ ಜನವಸತಿ ಇರುವುದು ಇನ್ನೂರಕ್ಕೂ ಕಡಿಮೆ. ಇಬ್ನ್ ಬತೂತಾ 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರವನ್ನು ಕಂಡು, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮಕ್ತಬ್‌ಗಳಿವೆ ಎಂದು ಬೆರಗಾಗಿ ಬರೆದ. ಅದೇ ಪ್ರವಾಸದಲ್ಲಿ 1343ರ ಕೊನೆಯ ಹೊತ್ತಿಗೆ ಮಾಲ್ದೀವ್ಸ್ ತಲುಪಿ, ಅಲ್ಲಿ ಕಾಜಿಯಾದ. ಕವಡೆ ಮತ್ತು ತೆಂಗಿನ ನಾರಿನ ಹಗ್ಗ ಆ ದ್ವೀಪಗಳ ಆದಾಯವಾಗಿತ್ತು. ಕವಡೆ ಬಂಗಾಳದಲ್ಲಿ ನಾಣ್ಯವಾಗಿ ಚಲಾವಣೆಯಾಗುತ್ತಿತ್ತು. ಇಬ್ನ್ ಬತೂತಾ ಬರೆದ ಒಂದು ಪದ್ಧತಿ ನನಗೆ ಬಹಳ ಇಷ್ಟ. ಹಡಗು ಬಂತೆಂದರೆ ದ್ವೀಪದವರು ಸಣ್ಣ ದೋಣಿಗಳಲ್ಲಿ ಎಲೆಯಡಿಕೆ, ಎಳನೀರು ಹಿಡಿದು ಎದುರಿಗೆ ಹೋಗುತ್ತಿದ್ದರಂತೆ. ಯಾರು ಯಾರ ಕೈಗೆ ಎಳನೀರು ಕೊಟ್ಟರೋ ಅವರು ಅವರ ಅತಿಥಿ. ಅತಿಥಿಯ ಗಂಟುಮೂಟೆ ಹೊತ್ತು, ಬಂಧುವಿನಂತೆ ಮನೆಗೆ ಕರೆದೊಯ್ಯುತ್ತಿದ್ದರು. ವ್ಯಾಪಾರವೂ ಆ ಮನೆಯ ಮೂಲಕವೇ.

ಕವಡೆಯ ಕಾಲ ಮುಗಿಯಿತು. 1965ರಲ್ಲಿ ಸ್ವತಂತ್ರವಾದಾಗ ಆ ದೇಶದ ಕೈಯಲ್ಲಿದ್ದುದು ಒಣ ಮೀನು ಮಾತ್ರ. ಹೊರಗಿನ ತಜ್ಞರು ಇಲ್ಲಿ ಪ್ರವಾಸೋದ್ಯಮ ಸಾಧ್ಯವಿಲ್ಲವೆಂದು ಷರಾ ಬರೆದಿದ್ದರೆಂದು ಅಲ್ಲಿಯವರು ಇಂದಿಗೂ ನಗುತ್ತ ಹೇಳುತ್ತಾರೆ. 1972ರಲ್ಲಿ ಕುರುಂಬಾ ಎಂಬ ಮೊದಲ ವಿಹಾರಧಾಮ 30 ಕೋಣೆಗಳೊಂದಿಗೆ ತೆರೆಯಿತು. ಆ ವರ್ಷ ಬಂದವರು ಸುಮಾರು ಒಂದು ಸಾವಿರ. 2019ರಲ್ಲಿ ಬಂದವರು 17 ಲಕ್ಷ, 2024ರಲ್ಲಿ 20 ಲಕ್ಷಕ್ಕೂ ಹೆಚ್ಚು. ದೇಶದ ಒಟ್ಟು ಉತ್ಪನ್ನದ ನಾಲ್ಕನೆಯ ಒಂದು ಭಾಗದಷ್ಟು ನೇರವಾಗಿ ಇದರಿಂದಲೇ. ವಿದೇಶಿ ವಿನಿಮಯದಲ್ಲಿ ಇದರ ಪಾಲು ಅರ್ಧಕ್ಕಿಂತ ಎಷ್ಟೋ ಮೇಲು. 2011ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮಾಲ್ದೀವ್ಸ್ ಹೊರಬಂತು. ಶಾಲೆ, ಆಸ್ಪತ್ರೆ, ದ್ವೀಪದಿಂದ ದ್ವೀಪಕ್ಕೆ ದೋಣಿ ಎಲ್ಲದರ ಹಿಂದೆಯೂ ಪ್ರವಾಸಿಗನ ಡಾಲರ್ ಇದೆ. ಬಂದು ಹೋಗುವವರ ಅನ್ನವನ್ನು ಕೀಳಾಗಿ ಕಾಣುವವರು ಈ ಅಂಕಿಗಳನ್ನು ನೋಡಬೇಕು.

ಆ ಅನ್ನದಲ್ಲಿ ಕಲ್ಲೂ ಇದೆ. ಡಾಲರಿನ ಒಂದು ದೊಡ್ಡ ಪಾಲು ಬಂದ ದಾರಿಯಲ್ಲೇ ವಾಪಸಾಗುತ್ತದೆ. ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಬೇಳೆ, ಮೊಟ್ಟೆ, ಆಲೂಗಡ್ಡೆ, ಈರುಳ್ಳಿ ಎಲ್ಲವೂ ಹೊರಗಿನಿಂದ ಬರಬೇಕು. 1981ರ ಒಪ್ಪಂದದಂತೆ ಭಾರತ ಇವುಗಳನ್ನು ವರ್ಷ ವರ್ಷ ಕೋಟಾ ಕಟ್ಟಿ ಕಳಿಸುತ್ತದೆ. ವಿಹಾರಧಾಮಗಳಲ್ಲಿ ದುಡಿಯುವವರಲ್ಲೂ ಬಾಂಗ್ಲಾದೇಶ, ಭಾರತ, ಶ್ರೀಲಂಕಾದವರು ಬಹಳ. ಒಂದೇ ಕಂಬದ ಮೇಲೆ ನಿಂತ ಮನೆಯ ಭಯವೂ ಇದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಬಾಗಿಲು ಮುಚ್ಚಿ ಜುಲೈ ಮಧ್ಯದಲ್ಲಿ ತೆರೆಯುವಷ್ಟರಲ್ಲಿ ನಷ್ಟ ಎಷ್ಟಾಗಿತ್ತೆಂದರೆ ಆ ವರ್ಷ ದೇಶದ ಉತ್ಪನ್ನ ಸುಮಾರು ಮೂರನೆಯ ಒಂದು ಭಾಗ ಕುಸಿಯಿತು. ಪ್ರವಾಸಿಗರ ಜೊತೆಗೆ ಸಕ್ಕರೆ, ಬಟ್ಟೆ ಕಾರ್ಖಾನೆಗಳನ್ನೂ ಇಟ್ಟುಕೊಂಡಿದ್ದ ಮಾರಿಷಸ್ಸಿನ ಕುಸಿತ ಅದರ ಅರ್ಧದಷ್ಟು. 2024ರ ಜನವರಿಯಲ್ಲಿ ಕೆಲವು ಮಂತ್ರಿಗಳ ನಾಲಿಗೆಯಿಂದ ಭಾರತದೊಂದಿಗೆ ಜಗಳ ಹುಟ್ಟಿತು. ಹಿಂದಿನ ವರ್ಷ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರು ಆ ವರ್ಷ 1.3 ಲಕ್ಷಕ್ಕೆ ಇಳಿದರು. ಬಹಿಷ್ಕಾರವೆಂಬುದು ಬಡ ದ್ವೀಪಕ್ಕೆ ಎಷ್ಟು ಬೇಗ ತಟ್ಟುತ್ತದೆ ನೋಡಿ.

ಈ ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು. ಒಂದು ದ್ವೀಪ, ಒಂದು ವಿಹಾರಧಾಮ ಎಂಬುದು ಅಲ್ಲಿಯ ನೀತಿಯಾಯಿತು. ಪ್ರವಾಸಿಗನಿಗೆ ಒಂದು ದ್ವೀಪ, ಊರ ಜನಕ್ಕೆ ಬೇರೆ ದ್ವೀಪ. 1980ರ ದಶಕದಲ್ಲಿ ಜನವಸತಿಯ ದ್ವೀಪಗಳಲ್ಲಿ ಪರದೇಶಿಗಳು ತಂಗುವುದನ್ನೇ ನಿಲ್ಲಿಸಿದರು. ಅಲ್ಲಿ ಶರಾಬು, ಇಲ್ಲಿ ಮಸೀದಿ, ಎರಡೂ ಕಲೆಯದಿರಲಿ ಎಂಬ ಕಾರಣ ಹೇಳಿದರು. ಕಾರಣ ಪೂರ್ತಿ ಸುಳ್ಳೇನಲ್ಲ. ಪರಿಣಾಮವೇನಾಯಿತೆಂದರೆ, ಧಾಮಗಳ ಒಡೆಯರಾದ ಕೆಲವು ಕುಟುಂಬಗಳು ಮತ್ತು ಹೊರಗಿನ ಕಂಪನಿಗಳು ಬೆಳೆದವು. ಇಬ್ನ್ ಬತೂತಾನ ಕೈಗೆ ಎಳನೀರು ಕೊಟ್ಟವರ ಮೊಮ್ಮಕ್ಕಳಿಗೆ ಪ್ರವಾಸಿಗನಿಗೆ ಒಂದು ಕಪ್ಪು ಚಹಾ ಮಾರುವ ಹಕ್ಕೂ ಇಲ್ಲದಾಯಿತು. ಸುಮಾರು ಕಾಲು ಶತಮಾನ ಹೀಗೆ ನಡೆಯಿತು. 2008ರಲ್ಲಿ ಬಹುಪಕ್ಷ ಚುನಾವಣೆ ನಡೆದು ಸರ್ಕಾರ ಬದಲಾದ ಮೇಲೆ, 2009-10ರ ಹೊತ್ತಿಗೆ ಊರಿರುವ ದ್ವೀಪಗಳಲ್ಲಿ ಅತಿಥಿಗೃಹ ನಡೆಸಲು ಅವಕಾಶ ಸಿಕ್ಕಿತು. ಅಲ್ಲಿಯವರೆಗೆ ಜೈಲಿನಿಂದ ಮಾತ್ರ ಹೆಸರಾಗಿದ್ದ ಮಾಫುಶಿ ದ್ವೀಪದಲ್ಲಿ ಮನೆ ಮನೆಯವರೂ ಕೋಣೆ ಬಾಡಿಗೆಗೆ ಕೊಡಲು ಶುರು ಮಾಡಿದರು. ಶರಾಬು ಆ ದ್ವೀಪಕ್ಕೆ ಬರಲಿಲ್ಲ, ಮಸೀದಿ ಅಲ್ಲೇ ಇದೆ, ಪ್ರವಾಸಿಗರೂ ಬರುತ್ತಿದ್ದಾರೆ.

ಅವರು ಗೋಡೆ ತೆಗೆಯಲು ಶುರು ಮಾಡಿದ ಹತ್ತು ಹನ್ನೆರಡು ವರ್ಷಕ್ಕೆ ನಮ್ಮಲ್ಲಿ ಗೋಡೆ ಕಟ್ಟುವ ಕೆಲಸ ಶುರುವಾಯಿತು. ಕರ್ನಾಟಕದ ಜಾತ್ರೆಗೆ ದ್ವೀಪಗಳಿರಲಿಲ್ಲ. 2022ರ ಮಾರ್ಚಿನಲ್ಲಿ ಉಡುಪಿ ಜಿಲ್ಲೆಯ ಕಾಪುವಿನ ಮಾರಿ ಪೂಜೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಕೊಡಲಿಲ್ಲ. ಮೂಲ್ಕಿಯ ಬಪ್ಪನಾಡಿನಲ್ಲಿ ಅಂಥದ್ದೇ ಬ್ಯಾನರ್ ಬಿತ್ತು. ಆ ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕ, ಊರಿಗೆ ಹೆಸರು ಬಂದದ್ದೇ ಅವನಿಂದ ಎಂದು ಅಲ್ಲಿಯ ಐತಿಹ್ಯ. ನೋಡ ನೋಡುತ್ತ ಬ್ಯಾನರುಗಳು ಬೇರೆ ಜಿಲ್ಲೆಗಳಿಗೂ ಹಬ್ಬಿದವು. ವಿಧಾನಸಭೆಯಲ್ಲಿ ಪ್ರಶ್ನೆ ಬಂದಾಗ ಅಂದಿನ ಸರ್ಕಾರ, ದೇವಸ್ಥಾನದ ಬಳಿಯ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆನ್ನುವ 2002ರ ನಿಯಮವೊಂದನ್ನು ತೋರಿಸಿತು. ವರ್ಷಗಟ್ಟಲೆಯ ಗುತ್ತಿಗೆಯ ಕಾನೂನನ್ನು ಮೂರು ದಿನದ ಬಳೆಯ ಗಾಡಿಗೆ ಅನ್ವಯಿಸಬಹುದೇ ಎಂದು ಕೇಳಿದವರಿಗೆ ನೆಟ್ಟಗಿನ ಉತ್ತರ ಸಿಗಲಿಲ್ಲ. ಅದಕ್ಕೆ ಮೊದಲ ಎರಡು ವರ್ಷ ಕೊರೊನಾದಿಂದ ಜಾತ್ರೆ ಉರುಸುಗಳೇ ನಡೆದಿರಲಿಲ್ಲ. ಎರಡು ವರ್ಷದ ಬಡ್ಡಿ ಏರಿಸಿಕೊಂಡು, ಹೊಸ ಸಾಲದಲ್ಲಿ ಸರಕು ತುಂಬಿಕೊಂಡು ಹೊರಟವರು ಬ್ಯಾನರ್ ಓದಿ ಹಿಂದಕ್ಕೆ ಬಂದರು.

ಇದೇ ವರ್ಷದ ಶಿವರಾತ್ರಿಯಂದು, ಮಾರ್ಚ್ 1ರಂದು, ನಿಕಿಟಿನ್ 20,000 ಕುದುರೆ ಎಣಿಸಿದ್ದ ಆಳಂದದಲ್ಲಿ ನಿಷೇಧಾಜ್ಞೆಯಿತ್ತು. ಲಾಡ್ಲೆ ಮಶಾಯಖರ ದರ್ಗಾದ ಆವರಣದಲ್ಲೇ ರಾಘವ ಚೈತನ್ಯರ ಸಮಾಧಿ ಮತ್ತು ಶಿವಲಿಂಗವಿದೆ. ಶತಮಾನಗಳಿಂದ ಒಂದೇ ಬಾಗಿಲಿನಿಂದ ಎರಡೂ ಕಡೆಯ ಜನ ಒಳಗೆ ಹೋಗಿ ಬರುತ್ತಿದ್ದ ಜಾಗ. ಆ ದಿನ ಕಲ್ಲು ತೂರಾಟವಾಯಿತು, ಬಂಧನಗಳಾದವು. ಆಮೇಲಿನ ವರ್ಷಗಳಲ್ಲಿ ಕೋರ್ಟಿನ ಆದೇಶದಂತೆ ಶಿವರಾತ್ರಿಯ ಪೂಜೆಗೆ 15 ಜನ ಹೋಗಿ ಬರುವ ಏರ್ಪಾಡಾಯಿತು, ಸುತ್ತ ಪೊಲೀಸ್ ಪಹರೆ. ಹತ್ತು ದಿನ ಹಿಂದೂಸ್ತಾನವೆಲ್ಲ ಬಂದು ಸೇರುತ್ತಿದ್ದ ಊರಿನಲ್ಲಿ ಒಳಗೆ ಹೋಗುವವರ ತಲೆ ಎಣಿಸುವ ಕಾಲ ಬಂತು. ಅಂಥ ದಿನಗಳಲ್ಲಿ ಊರಿನ ಖಾನಾವಳಿಯವನಿಗೆ ವ್ಯಾಪಾರವೆಷ್ಟು ಎಂದು ಕೇಳಿದ ಪತ್ರಿಕೆ ನನ್ನ ಕಣ್ಣಿಗೆ ಬೀಳಲಿಲ್ಲ.

ಬೀದರ್ ಜಿಲ್ಲೆಯನ್ನು ಪ್ರವಾಸಿ ನಕ್ಷೆಯ ಮೇಲೆ ತರಬೇಕೆಂಬ ಉತ್ಸಾಹ ಈಗ ಎಲ್ಲರಿಗೂ ಇದೆ. 2012ರಲ್ಲಿ ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನ ಮೂರ್ತಿ ನಿಂತಿತು. 2014ರಲ್ಲಿ ಬೀದರಿನ ಸ್ಮಾರಕಗಳು ದಖನಿನ ಇತರ ಸ್ಮಾರಕಗಳೊಡನೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. 2017ರಲ್ಲಿ ಬೀದರ್ ಕಲಬುರಗಿ ರೈಲು ಹುಮನಾಬಾದಿನ ಮೇಲೆ ಓಡತೊಡಗಿತು. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಎಲ್ಲವೂ ಬೇಕಾದದ್ದೇ. ಆದರೆ ಹೈದರಾಬಾದಿನಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟವನು ಕೋಟೆ ನೋಡಿ, ನರಸಿಂಹ ಝರಣಿಯ ಎದೆಮಟ್ಟದ ನೀರಿನಲ್ಲಿ ನಡೆದು, ಸಂಜೆಗೆ ಮನೆ ಸೇರುತ್ತಾನೆ. ಡಬ್ಬಿಯಲ್ಲಿ ಊಟವನ್ನೂ ಕಟ್ಟಿಕೊಂಡು ಬಂದಿರುತ್ತಾನೆ. ಅವನಿಂದ ಊರಿಗೆ ಉಳಿಯುವುದು ಕೋಟೆಯ ಮುಂದಿನ ಎಳನೀರಿನ ಕಾಸು. ನಾನಕ್ ಝೀರಾಕ್ಕೆ ಪಂಜಾಬಿನಿಂದ ಬರುವ ಸಿಖ್ಖರು ಹಾಗಲ್ಲ. ಗುರು ನಾನಕರು ಬಂದು ಹೋದ ಜಾಗ, ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರ ಊರು ಎಂದು ಅಷ್ಟು ದೂರದಿಂದ ಬಂದವರು ರಾತ್ರಿ ತಂಗುತ್ತಾರೆ. ಲಂಗರಿನಲ್ಲಿ ಎಲ್ಲರಿಗೂ ಪುಕ್ಕಟೆ ಊಟ. ಆದರೂ ಆ ಲಂಗರಿನ ಒಲೆಗೆ ಹಿಟ್ಟು, ಬೇಳೆ, ಕಾಯಿಪಲ್ಲೆ ಬೇಕಲ್ಲ, ಪಂಜಾಬಿನಿಂದ ಬಂದವರು ಆಟೋ ಹತ್ತಬೇಕಲ್ಲ.

ಬಿದ್ರಿಯ ಕೆಲಸಗಾರರ ಸ್ಥಿತಿ ಹೇಳಿದರೆ ಈ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ ಕಲೆ ಇದು. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೆ ದಿನವಿಡೀ ಕೂತು ಬೆಳ್ಳಿಯ ತಂತಿ ಕೂರಿಸುವವನ ಕೂಲಿ ಗಾರೆ ಕೆಲಸದ ಕೂಲಿಯ ಮುಂದೆ ಸಪ್ಪೆ. ಮಕ್ಕಳು ಹೈದರಾಬಾದಿಗೋ ಸೌದಿಗೋ ಹೋಗುತ್ತಿದ್ದಾರೆ. ಸಂಜೆಯೊಳಗೆ ಮರಳುವ ಪ್ರವಾಸಿಗ ಒಂದು ಕೀಲಿಗೊಂಚಲು ಕೊಂಡಾನು. ಹುಕ್ಕಾದ ಬುಡವನ್ನೋ ಸುರಾಹಿಯನ್ನೋ ಕೊಳ್ಳಲು ಒಂದು ರಾತ್ರಿಯಾದರೂ ಊರಲ್ಲಿ ಇರಬೇಕು, ಕೆಲಸಗಾರನ ಓಣಿಗೆ ಹೋಗಿ ಕೂರಬೇಕು, ಚಹಾ ಕುಡಿಯಬೇಕು, ಚೌಕಾಶಿ ಮಾಡಬೇಕು. ಆ ಓಣಿಯಲ್ಲಿ ಹೆಚ್ಚಿನ ಮನೆಗಳು ಮುಸಲ್ಮಾನರವು. ಅಲ್ಲಿಗೆ ಹೋಗಬೇಡಿ, ಅವರಿಂದ ಕೊಳ್ಳಬೇಡಿ ಎಂದು ಮೊಬೈಲಿನಲ್ಲಿ ಬರುವ ಮಾತನ್ನು ನಂಬಿದವನು ಬೀದರಿನಿಂದ ಏನನ್ನು ಒಯ್ಯುತ್ತಾನೆ? ಕೋಟೆಯ ಫೋಟೋ ಒಂದನ್ನು.

ಇಷ್ಟಾದರೂ ಅಷ್ಟೂರಿನ ಜಾತ್ರೆ ನಿಂತಿಲ್ಲ. ಹೋಳಿ ಮುಗಿದ ಮೇಲೆ ಮಾಡಿಯಾಳದ ಜಂಗಮರು ತಮ್ಮ ಮಂದಿಯೊಡನೆ ಹೊರಡುತ್ತಾರೆ. ದಾರಿಯ ಊರುಗಳಲ್ಲಿ ಜನ ಎದುರುಗೊಳ್ಳುತ್ತಾರೆ. ಗುಂಬಜಿನ ಒಳಗೆ ಚಿನ್ನದ ನೀರಿನಲ್ಲಿ ಬರೆದ ಫಾರಸಿ ಸಾಲುಗಳ ಕೆಳಗೆ ಶಂಖ ಊದುತ್ತದೆ, ತೆಂಗಿನಕಾಯಿ ಒಡೆಯುತ್ತದೆ, ಫಾತಿಹಾ ಓದುತ್ತಾರೆ. ಹೊರಗೆ ಬಳೆಗಾರರು ಎರಡು ದಿನ ಮೊದಲೇ ಬಂದು ಗೂಟ ಹೊಡೆದು ಜಾಗ ಹಿಡಿದಿರುತ್ತಾರೆ. ಕುಸ್ತಿಯ ಮಣ್ಣು ಹದ ಮಾಡುವವರು ಮಾಡುತ್ತಿರುತ್ತಾರೆ. ಈಚೆಗೆ ಬಳೆಯ ಅಂಗಡಿಗಳಲ್ಲಿ ಗಾಜಿಗಿಂತ ಪ್ಲಾಸ್ಟಿಕ್ ಹೆಚ್ಚು. ಗಾಜಿನದು ದಾರಿಯಲ್ಲಿ ಒಡೆಯುತ್ತದೆ, ಪ್ಲಾಸ್ಟಿಕ್ಕಾದರೆ ಮಾರಾಟವಾಗದೆ ಉಳಿದದ್ದನ್ನು ಮುಂದಿನ ಜಾತ್ರೆಗೆ ಒಯ್ಯಬಹುದು.